ಅಂಚಿನ ಎಲುಬು

ಗದಗ, ಫೆಬ್ರವರಿ ೩೦, ೨೧೮೭

ಪ್ರೀತಿಯ ವನಮಾಲಾ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಹಿಂದಿನ ಕಾಲಕ್ಕೂ ಅಂಚೆ ಕಳಿಸುತ್ತಾರೆ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಪತ್ರ ಸೇರುವಾಗ ನಿನಗೆ ಮೂವತ್ತೆಂಟು, ನನಗೆ ಎಪ್ಪತ್ತಾರು. ಅದಕ್ಕೇ ಹೆಸರು ಹಿಡಿದು ಕರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಎನಿಸೀತು, ಹೊಟ್ಟೆಗೆ ಹಾಕಿಕೊ.

ನಾನು ನಿನ್ನಂತೆ ಡಾಕ್ಟರಲ್ಲ. ನೀನೂ ನಿನ್ನ ಜೊತೆಯವರೂ ಬಿಟ್ಟುಹೋದ ಎಲುಬಿನ, ಮಾಂಸಖಂಡದ ಗಡ್ಡೆಗಳ ಸ್ಲೈಡುಗಳನ್ನು ಇಟ್ಟಿರುವ ಗಾಜುಮನೆಯನ್ನು ನೋಡಿಕೊಳ್ಳುವವಳು. ನಲವತ್ತು ವರ್ಷ ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು, ನಿನ್ನ ಚೀಟಿಗಳನ್ನು ಓದಿ ಓದಿ ಕಲಿತೆ. ಈಗ ರೋಗಕ್ಕೆ ಹೆಸರಿಡುವುದು ಓದುಗಣ್ಣು, ಅಂದರೆ ಸೂಜಿಯ ಮೊನೆಯಷ್ಟು ಮಾಂಸ ಕೊಟ್ಟರೆ ಕ್ಷಣದಲ್ಲಿ ಉತ್ತರ ಹೇಳುವ ಯಂತ್ರ. ಅದು ಹೇಳಿದ ಮೇಲೆ ಗಾಜಿನಲ್ಲಿ ಇಣುಕುವವರು ಯಾರು? ಬೆಳಿಗ್ಗೆ ಬಾಗಿಲು ತೆಗೆಯುತ್ತೇನೆ, ಮಸೂರ ಒರೆಸುತ್ತೇನೆ, ಗಾಜಿನೊಳಗಿನ ಗುಲಾಬಿ, ನೇರಳೆ ಬಣ್ಣದ ಕೋಶಗಳ ಊರುಗಳಲ್ಲಿ ಒಬ್ಬಳೇ ತಿರುಗಾಡಿ ಬುತ್ತಿ ಬಿಚ್ಚುತ್ತೇನೆ. ‘ಇದನ್ನಿಷ್ಟು ನೋಡು’ ಎಂದು ತೋರಿಸಲು ಮಗ್ಗುಲಲ್ಲಿ ಯಾರೂ ಇಲ್ಲದೆ ಹನ್ನೆರಡು ವರ್ಷವಾಯಿತು.

ಕಳೆದ ತಿಂಗಳು ಪಕ್ಕದ ಬೀದಿಯ ಚಂಪಕಾ ಕುಂಟುತ್ತ ಬಂದಳು. ಹದಿನೇಳರ ಹುಡುಗಿ, ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಓದುಗಣ್ಣು ಕ್ಯಾನ್ಸರ್ ಎಂದಿತ್ತು. ಆ ರೋಗ ಈಗ ಎಷ್ಟು ಅಪರೂಪವೆಂದರೆ ಅದರ ಔಷಧ ಮಾಡುವುದನ್ನೇ ಬಿಟ್ಟಿದ್ದಾರೆ. ಕಾಲು ತೆಗೆಯುವುದೊಂದೇ ದಾರಿ. ಮರುವಾರಕ್ಕೆ ದಿನ ಗೊತ್ತಾಗಿತ್ತು. ಸೂಜಿಯಲ್ಲಿ ತೆಗೆದ ಮಾಂಸದ ಚೂರೊಂದನ್ನು ಬೇಡಿ ತಂದು ನೋಡಿದೆ. ಹುಚ್ಚೆದ್ದ ಕೋಶಗಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಆದರೆ ಇಂಥದೇ ಚಿತ್ರವನ್ನು ನಿನ್ನ ಕಪಾಟಿನಲ್ಲಿ ಕಂಡ ನೆನಪು.

ಹುಡುಕಿ ತೆಗೆದೆ. ಸ್ಲೈಡಿಗೆ ಸುತ್ತಿದ ಚೀಟಿಯಲ್ಲಿ ನಿನ್ನ ಅಕ್ಷರ: ‘ಬೆಟಗೇರಿಯ ನೇಕಾರ. ನಡುವಿನ ಚೂರನ್ನಷ್ಟೇ ನೋಡಿ ಕ್ಯಾನ್ಸರ್ ಎಂದೆ. ಕಾಲು ತೆಗೆದರು. ಆಮೇಲೆ ಇಡೀ ಗಂಟು ಕೊಯ್ದು ನೋಡಿದರೆ ಅಂಚಿನ ಸುತ್ತಲೂ ಒಳ್ಳೆಯ ಎಲುಬು, ಕ್ಯಾನ್ಸರಿನಲ್ಲಿ ಹೀಗೆ ಕಟ್ಟುವುದಿಲ್ಲ. ಪೆಟ್ಟು ತಿಂದ ಸ್ನಾಯು ಮಾಯುತ್ತಿತ್ತು, ಅಷ್ಟೇ. ಪೆಟ್ಟು ಬಿದ್ದಿತ್ತೇ ಎಂದು ನಾನು ಕೇಳಲಿಲ್ಲ. ಅವನಿಗೆ ಹೇಳುವ ಧೈರ್ಯ ಬರಲಿಲ್ಲ.’

ನಾನು ಚಂಪಕಾಳನ್ನು ಕೇಳಿದೆ.

“ಎಲ್ಲಿ ಬಿದ್ದಿದ್ದಿ? ಖರೇ ಹೇಳು.”

“ಎಲ್ಲೂ ಬಿದ್ದಿಲ್ಲ, ಆಯಿ.”

“ಕಾಲು ಹೋಗತೈತಿ, ಹುಚ್ಚಿ!”

ಆಗ ಅಳುತ್ತ ಬಾಯಿಬಿಟ್ಟಳು: “ಪಂಥಾ ಕಟ್ಟಿ ಗಾಳಿಯಂತ್ರದ ಕಂಬಾ ಹತ್ತಿ ಬಿದ್ದಿದ್ದೆ. ಅವ್ವಗ ಗೊತ್ತಾದ್ರ ಕೊಂದಾಳು!”

ಓದುಗಣ್ಣು ಕೂಡ ಪೆಟ್ಟು ಬಿದ್ದಿತ್ತೇ ಎಂದು ಕೇಳಿತ್ತಂತೆ. ಅವ್ವ ಪಕ್ಕದಲ್ಲೇ ಕೂತಿದ್ದಳು. ಇವಳು ‘ಇಲ್ಲ’ ಎಂಬ ಗುಂಡಿಯನ್ನೇ ಒತ್ತಿದ್ದಳು.

ನಿನ್ನ ಚೀಟಿ ಹಿಡಿದು ಶಸ್ತ್ರವೈದ್ಯನ ಬಾಗಿಲಲ್ಲಿ ಕೂತೆ.

“ನೂರೈವತ್ತು ವರ್ಷದ ಹಿಂದಿನ ತಪ್ಪು ತಂದು ನನಗ್ಯಾಕ ತೋರಸ್ತೀರಿ, ಆಯಿ?” ಎಂದ.

“ನೀ ಮತ್ತ ಅದನ್ನ ಮಾಡಬಾರದಂತ, ತಮ್ಮಾ.”

ಅಂಚಿನಲ್ಲಿ ಎಲುಬು ಕಟ್ಟುತ್ತದೋ ನೋಡಲು ಮೂರು ವಾರ ಕಾಯಲು ಒಪ್ಪಿದ. ಮೊನ್ನೆ ಮತ್ತೆ ತೊಡೆಯ ಒಳಚಿತ್ರ ತೆಗೆದರು. ಗಂಟಿನ ಸುತ್ತ ಮೊಟ್ಟೆಯ ಚಿಪ್ಪಿನಂತೆ ಎಲುಬು ಕಟ್ಟಿದೆ. ಕಾಲು ಉಳಿಯಿತು. ಅವ್ವ ಮಗಳನ್ನು ಅಪ್ಪಿಕೊಂಡು ಅತ್ತಳು, ಆಮೇಲೆ ಬೆನ್ನಿಗೆ ಎರಡು ಕೊಟ್ಟಳು.

ಎಲ್ಲರೂ ಮನೆಗೆ ಹೋದರು. ಚೀಟಿಯ ಕೊನೆಯ ಸಾಲಿನೊಂದಿಗೆ ನಾನೊಬ್ಬಳೇ ಉಳಿದೆ. ತಂಗಿ, ತಪ್ಪನ್ನು ಒರೆಸಿಹಾಕದೆ ಇಟ್ಟೆಯಲ್ಲ, ಅದು ಸಣ್ಣ ಮಾತಲ್ಲ. ಆದರೆ ನೀನು ಅದನ್ನು ಹೇಳಿದ್ದು ಗಾಜಿಗೆ. ಆ ನೇಕಾರ ನಿನ್ನ ಕಾಲದಲ್ಲಿ ಇನ್ನೂ ಬದುಕಿದ್ದಾನೆ, ರೋಗ ಎದೆಗೆ ಏರಿತೇನೋ ಎಂದು ಒಂದೊಂದು ಕೆಮ್ಮಿಗೂ ಹೆದರುತ್ತ. ನಿನ್ನ ಮನೆಯಿಂದ ಬೆಟಗೇರಿ ಎಷ್ಟು ದೂರ? ಹೋಗು. ಅವನು ಬೈಯಲಿ, ಮುಖದ ಮೇಲೆ ಬಾಗಿಲು ಹಾಕಲಿ. ಹೊರಗೆ ನಿಂತಾದರೂ ಸರಿ, ‘ನಿನಗೆ ಆ ರೋಗ ಇರಲೇ ಇಲ್ಲ’ ಎಂದು ಹೇಳಿ ಬಾ.

ನಿನ್ನ ಮೊಮ್ಮಗಳ ಮೊಮ್ಮಗಳು,
ಇರಾವತಿ