ದುರ್ಬೀನಿನಲ್ಲಿ ಮಗಳು

ಪ್ರವಾಸೋದ್ಯಮ ಕಚೇರಿಯ ಸಾಹೇಬರಿಗೆ, ಬೆಟ್ಟದ ತುದಿಯ ವೀಕ್ಷಣಾ ಕಟ್ಟೆ ಗುಡಿಸುವವಳ ನಮಸ್ಕಾರ.

ನಿಮ್ಮ ಪ್ರೇಕ್ಷಣೀಯ ತಾಣಗಳ ಪಟ್ಟಿಯಲ್ಲಿ ನಾಲ್ಕನೆಯದು, ಎದುರು ಗುಡ್ಡದ ಬಣ್ಣದ ಮನೆಗಳು, ನಮ್ಮ ಕೇರಿ. ಕಟ್ಟೆಗೆ ಕಾಣುವ ಗೋಡೆಗಳಿಗಷ್ಟೇ ಬಣ್ಣ ಬಳಿಸಿದ್ದೀರಿ.

ಕಾಲು ಮುರಿದುಕೊಂಡಿರುವ ನನ್ನ ಮಗಳು ಮಧ್ಯಾಹ್ನ ಕಿಟಕಿಯಿಂದ ನನಗೆಂದು ಬಟ್ಟೆ ಬೀಸುತ್ತಾಳೆ. ಕಟ್ಟೆಯ ಮೇಲಿನ ದುರ್ಬೀನಿನಲ್ಲಿ ನೋಡಿದ ಪ್ರವಾಸಿಗರು, “ನಮಗೇ ಬೀಸ್ತಿದೆ ನೋಡ್ರೋ!” ಎಂದು ಕುಣಿಯುತ್ತಾರೆ. ಬರಿಗಣ್ಣಿಗೆ ಕಾಣದೆಂದು ನಾನು ಅದಕ್ಕೆ ಕಣ್ಣಿಡಲು ಹೋದರೆ ಕಾವಲುಗಾರ, “ನಿನ್ ಮನೇನ ಮನೇಗ್ ಹೋಗಿ ನೋಡ್ಕೊಳ್ಳಕ್ಕ” ಅನ್ನುತ್ತಾನೆ.

ದಿನವೂ ನೋಡಿದೆನೆಂದು ಅವಳಿಗೆ ಸುಳ್ಳು ಹೇಳಿದ್ದೇನೆ. ನಿನ್ನೆ ಅವಳು, “ಸೋಮವಾರ ಬೇರೆ ಬಣ್ಣದ್ದು ಬೀಸ್ತೀನಮ್ಮಾ, ಯಾವ್ದು ಅಂತ ನೀನೇ ಹೇಳ್ಬೇಕು” ಅಂದಳು.

ಪ್ರವಾಸಿಗರನ್ನು ಕೇಳಿದರೆ ಹೇಳುತ್ತಾರೆ. ನಾನು ಕೇಳುವುದಿಲ್ಲ. ನನ್ನ ಮಗಳನ್ನು ನಾನೇ ನೋಡಬೇಕು. ಸೋಮವಾರದೊಳಗೆ ಅಪ್ಪಣೆ ಕೊಡಿ. ಕೊಡದಿದ್ದರೆ ಪೊರಕೆ ಹಿಡಿದುಕೊಂಡೇ ನೋಡುತ್ತೇನೆ.

ಇಂತು,
ನಾಲ್ಕನೆಯ ತಾಣದವಳು