ಓವರ್‌ಟೈಮಿನ ಸೀರಿ

ಏನ್ರೀ,

ಮಲಗ್ಲಿ ಅಂತ ನಿಮ್ಮನ್ನ ಎಬ್ಬಸಲಿಲ್ಲ. ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೊಳ್ರಿ. ನಳಕ್ಕ ನೀರ ಬರ್ತಾವ, ಕೊಡ ತುಂಬ್ರಿ. ಹೋದ ಸಲದಂಗ ಮೊಬೈಲ್ ನೋಡ್ಕೊಂತ ಕುಂದರಬ್ಯಾಡ್ರಿ.

ದವಾಖಾನ್ಯಾಗ ಇವತ್ತೂ ನಂದು ಎರಡು ಡ್ಯೂಟಿ. ಕಾಲ ಬಾತು ಚಪ್ಪಲ್ಯಾಗ ಹಿಡಿಯವಲ್ಲವು.

ನಿಮ್ಮ ತಂಗಿ ಕುಬಸಕ್ಕ ಸೀರಿ ತರ್ತೇನಿ ಅಂತ ನೀವು ಫೋನಿನ್ಯಾಗ ಹೇಳಿಬಿಟ್ಟೀರಿ. ನನ್ನ ಓವರ್‌ಟೈಮ್ ಎರಡು ಸಾವಿರದ ಏಳನೂರು ಅಂತ ಅಷ್ಟಕ್ಕ ಸರಿಯಾಗಿ ಇಳಕಲ್ ಸೀರಿ ಆರಿಸಿನೂ ಇಟ್ಟೀರಿ. ಅಷ್ಟೂ ಕೈಗೆ ಬರೂದಿಲ್ರಿ. ಬರೇ ಪಗಾರಾದ್ರ ಇಪ್ಪತ್ತೈದು ಸಾವಿರದ ಒಳಗ ಇರ್ತೈತಿ, ವೃತ್ತಿ ತೆರಿಗಿ ಇಲ್ಲ. ಓವರ್‌ಟೈಮ್ ಕೂಡಿದ್ರ ಅದನ್ನ ದಾಟತೈತಿ, ಆವಾಗ ಇನ್ನೂರು ಹಿಡೀತಾರ. ಉಳಿಯೂದು ಎರಡೂವರಿ ಸಾವಿರ. ಹೋಗಿಬರೂ ಆಟೋದ್ದು ನಾ ಲೆಕ್ಕಕ್ಕ ಹಿಡಿದಿಲ್ಲ. ನನ್ನ ನಿದ್ದೀದಂತೂ ಯಾರೂ ಹಿಡಿಯೂದಿಲ್ಲ.

ಮನಿಖರ್ಚಿನ್ಯಾಗಿಂದ ಎರಡೂವರಿ ಸಾವಿರ ತಗದು ಸಕ್ಕರಿ ಡಬ್ಬಿ ಹಿಂದ ಇಟ್ಟೇನಿ, ಪಗಾರ ಬಂದಮ್ಯಾಲ ತುಂಬಿದ್ರಾತು. ಕಡಿಮಿ ಬಿದ್ದ ಇನ್ನೂರು ನಿಮ್ಮ ಗುಟಕಾದ ರೊಕ್ಕದಾಗ ಹಾಕಿ, ಇವತ್ತ ಹೋಗಿ ಸೀರಿ ತರ್ರಿ. ಆರಿಸಿದ್ದು ಹಸರ ಇಲ್ಲಂದ್ರ ಬದಲಿ ಮಾಡಿ ಹಸರ ಬಣ್ಣದ್ದ ತರ್ರಿ. ಪಾಪ, ಚೊಚ್ಚಲ ಬಸರಿ, ಚಲೋದ ಉಡ್ಲಿ.

ಇನ್ನೊಂದು ಮಾತು. ಕುಬಸದಾಗ ಎಲ್ಲಾರೂ ನನ್ನ ಹಿಡಕೊಂಡು, ಪ್ರಾಸ ಕಟ್ಟಿ ಒಡಪಿನ್ಯಾಗ ಗಂಡನ ಹೆಸರ ಹೇಳ ಅಂತಾರ. ಪ್ರತಿ ಸಲ ನಾಚಿಕೊಂತ ನಿಮ್ಮ ಹೆಸರ ಹೇಳೇನಿ. ಈ ಸಲ ಸೀರಿ ಕೊಡೂ ಮುಂದ ಒಡಪ ನೀವ ಹೇಳ್ರಿ, ಅದರಾಗ ನನ್ನ ಹೆಸರ ಬರಲಿ.

ಮರ್ತಿದ್ರ,
ದಾನೇಶ್ವರಿ.