ಬೇಗ ಇಳಿದವರ ಬಗ್ಗೆ, ತುರ್ತು ಕರೆ ಕೇಂದ್ರದ ಮುಖ್ಯಸ್ಥರಿಗೆ

"ಇಳಿದಿದ್ದಾರಲ್ಲ ಅಮ್ಮಾ, ಒಳ್ಳೇದೇ ಆಯ್ತಲ್ಲ" ಎಂದೋ, "ಇಳಿದಾಯ್ತಲ್ಲ, ಮತ್ತೇನು ತೊಂದರೆ" ಎಂದೋ, ನಿಮ್ಮ ಕೇಂದ್ರದ ಆ ಹೆಣ್ಣುದನಿ ಅಂದು ಫೋನಿನಲ್ಲಿ ಹೇಳಿದ್ದು ಇವೆರಡರಲ್ಲಿ ಯಾವುದೆಂದು ಈಗ ನನಗೆ ಖಚಿತವಿಲ್ಲ. ಖಚಿತವಿರುವುದು ಇಷ್ಟೇ, ಮಾನ್ಯರೇ: ಆ ದನಿಯಲ್ಲಿ ನಿಜವಾದ ಸಮಾಧಾನವಿತ್ತು. ಒಬ್ಬ ಮನುಷ್ಯ ಮರದಿಂದ ಇಳಿದಿದ್ದಾನೆ ಎಂಬುದು ಆಕೆಗೆ ಸಂತೋಷದ ಸುದ್ದಿಯಾಗಿತ್ತು. ಆಕೆ ಅಲ್ಲಿ ಸಮಾಧಾನಪಡುತ್ತಿದ್ದ ಹೊತ್ತಿಗೆ ಇಲ್ಲಿ ನನ್ನ ತಂಗಿಯ ಗಂಡ ತವಸಿಮುತ್ತು ತಾಳೆಮರದ ಬುಡದಲ್ಲಿ, ಕೆಂಪು ಮರಳಿನ ಮೇಲೆ ಅಂಗಾತ ಬಿದ್ದಿದ್ದರು. ಎಡಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಕಾಣದಂತೆ, ರಕ್ತ ಸೋರತೊಡಗಿತ್ತು. ನಮ್ಮ ಒಂದು ಮಾತು ನಿಮ್ಮ ಕೇಂದ್ರಕ್ಕೆ ಅರ್ಥವಾಗಲಿಲ್ಲ. ಅದರಿಂದಾಗಿ ಹೊಟ್ಟೆಗೆ ಪೆಟ್ಟಾದವರಿಗೆ ಬಿಸಿಲು ಬಡಿದವರ ಉಪಚಾರ ಸಿಕ್ಕಿತು. ಇದು ನನ್ನ ದೂರು.

ಇದನ್ನು ಮೊದಲು ಖಾಸಗಿಯಾಗಿಯೇ ಬರೆದಿದ್ದೆ. ನಿಮ್ಮ ಕಚೇರಿ ಉತ್ತರಿಸಿತು, ಅದಕ್ಕೆ ಕೃತಜ್ಞ. ಕರೆಯ ಧ್ವನಿಮುದ್ರಣವನ್ನು ಮೂರು ಹಂತಗಳಲ್ಲಿ ಪರಿಶೀಲಿಸಲಾಗಿದೆ ಎಂದೂ, ಸಿಬ್ಬಂದಿ ನಿಯಮಗಳನ್ನು ಪಾಲಿಸಿದ್ದಾರೆ ಎಂದೂ, "ಕರೆ ಮಾಡಿದವರು ಘಟನೆಯ ಬಗ್ಗೆ ನಿಖರ ಮಾಹಿತಿ ಒದಗಿಸಿರುವುದಿಲ್ಲ" ಎಂದೂ ಅದರಲ್ಲಿತ್ತು. ಕರೆ ಮಾಡಿದವಳು ನನ್ನ ತಂಗಿ ಚೆಲ್ಲಕ್ಕನಿ. ನಿಮ್ಮ ಉತ್ತರವನ್ನು ನಾನು ಅವಳಿಗೆ ಓದಿ ಹೇಳಿಲ್ಲ. ಆ ವಾಕ್ಯ ನಮ್ಮ ಊರಿನ ಕಿವಿಯಲ್ಲಿ ಏನಾಗುತ್ತದೆಂದು ನಿಮಗೆ ತಿಳಿದಿರಲಾರದು. ತಿಳಿಸಬೇಕೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಯಾರೂ ತಾಳೆಮರದಿಂದ ಬೀಳುವುದಿಲ್ಲ. ಬೇಕಾದಷ್ಟು ಜನ ಬೀಳುತ್ತಾರೆ ಎಂಬುದು ಬೇರೆ ವಿಷಯ. ಪದನೀರು, ಅಂದರೆ ತಾಳೆಯ ಸಿಹಿರಸ, ಇಳಿಸುವ ಕಾಲದಲ್ಲಿ, ರಸ ಹುಳಿಯದಂತೆ ಮೊದಲ ಮಡಕೆಗೆ ಸುಣ್ಣ ಬಳಿದ ದಿನದಿಂದ ಕೊನೆಯ ಮಡಕೆ ಕವುಚಿ ಇಡುವ ದಿನದವರೆಗೆ, ಮರ ಹತ್ತುವವರ ಮನೆಯಲ್ಲಿ ಆ ಕ್ರಿಯಾಪದ ಸತ್ತಿರುತ್ತದೆ. ಮಗು ಜಾರಿದರೂ ಕೂತಿತು ಎನ್ನುತ್ತೇವೆ, ಮಳೆ ಕೂಡ ಬಂತು ಎಂದಷ್ಟೇ ಹೇಳುತ್ತೇವೆ. ಮರದ ಮೇಲಿದ್ದವನು ಕೆಲಸ ಮುಗಿಸಿ ನೆಲಕ್ಕೆ ಬಂದರೆ "ಇಳಿದು ಬಂದ". ಮತ್ತೊಂದು ರೀತಿಯಲ್ಲಿ ಬಂದರೆ "ಬೇಗ ಇಳಿದುಬಿಟ್ಟ". ಮೊದಲು ಓಡಿ ಹೋದವನು ಕೇಳಬೇಕಾದದ್ದು, "ಏನಪ್ಪಾ, ಇವತ್ತು ಬೇಗ ಇಳಿದ್ಬಿಟ್ಟೆ?" ಮಲಗಿದವನಿಗೆ ಬಾಯಿ ಬರುವಂತಿದ್ದರೆ ಹೇಳಬೇಕಾದದ್ದು, "ಕೆಲಸ ಮುಗೀತು, ಇಳಿದೆ." ಇಷ್ಟು ನಡೆದರೆ ಆಸೆ ಇಟ್ಟುಕೊಳ್ಳಬಹುದು ಎಂದು ನಂಬಿಕೆ. ಯಾರಾದರೂ ಅವಸರಕ್ಕೆ ಆ ಇನ್ನೊಂದು ಮಾತನ್ನು ಆಡಿದರೆ ಮುಗಿಯಿತು. ಮರ ಕೇಳಿಸಿಕೊಂಡಿತು ಎನ್ನುತ್ತಾರೆ. ನಾನು ಉಪ್ಪಿನ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡುವವನು, ಮರ ಹತ್ತಿದವನಲ್ಲ. ಮರಕ್ಕೆ ಕಿವಿ ಇದೆ ಎಂದು ನಂಬುತ್ತೇನೆಯೇ ಎಂದು ನೀವು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೂ ಈ ಪತ್ರದ ಮೊದಲ ಪ್ಯಾರಾದಲ್ಲಿ ಆ ಮಾತನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು.

ಅಂದು ರಜೆಯಲ್ಲಿದ್ದೆ, ತಂಗಿಯ ಮನೆಗೆ ಹೋಗಿದ್ದೆ. ಕತ್ತರಿ ಬಿಸಿಲು, ವರ್ಷದಲ್ಲೇ ಅತಿ ಸುಡುವ ದಿನಗಳು. ಭಾವ ತವಸಿಮುತ್ತು ಬೆಳಗಿನ ಸುತ್ತಿನ ಕೊನೆಯ ಮರದಲ್ಲಿದ್ದರು. ಚೆಲ್ಲಕ್ಕನಿ ಗುಡಿಸಲಿನಲ್ಲಿ ಪದನೀರು ಕಾಯಿಸುತ್ತಿದ್ದಳು. ಬೆಲ್ಲ ಪಾಕಕ್ಕೆ ಬರುವ ಹೊತ್ತು, ಸೌಟು ಬಿಡುವಂತಿಲ್ಲ. ಹೊರಗೆ ಮಡಕೆ ಒಡೆದ ಸದ್ದು ಕೇಳಿತು, ಅದರ ಹಿಂದೆಯೇ ಇನ್ನೊಂದು ಸದ್ದು. ಅವಳು ಸೌಟು ಬಿಟ್ಟಳು.

ಪಕ್ಕದ ಮರದಲ್ಲಿದ್ದ ಜ್ಞಾನಮುತ್ತು ಇಳಿದು ಓಡಿ ಬಂದಿದ್ದರು. ಭಾವನಿಗಿಂತ ಹಿರಿಯರು, ಕುಹಕಕ್ಕೆ ಹೆಸರಾದವರು. ಸೊಂಟದ ಮೇಲೆ ಕೈ ಇಟ್ಟು ಕೇಳಬೇಕಾದದ್ದನ್ನು ಕೇಳಿದರು.

"ಏನು ಮಾಪ್ಳೆ, ಹೆಂಡತಿ ಊಟಕ್ಕೆ ಕರೆದ್ಲಾ? ಬೇಗ ಇಳಿದ್ಬಿಟ್ಟೆ?"

ಭಾವ ಕಣ್ಣು ಬಿಟ್ಟು ಅವರನ್ನೇ ನೋಡಿದರು. "ನಿನ್ನ ಮುಖ ಮೇಲಿಂದ ಚೆನ್ನಾಗಿ ಕಾಣ್ತಿರಲಿಲ್ಲ ಅಣ್ಣಾಚಿ. ನೋಡೋಣ ಅಂತ ಇಳಿದೆ."

ಸುತ್ತ ನೆರೆದವರು ನಕ್ಕರು. ಮಾನ್ಯರೇ, ಧ್ವನಿಮುದ್ರಣದಲ್ಲಿ ಆ ನಗು ಇರಬೇಕು, ಏಕೆಂದರೆ ಅಷ್ಟರಲ್ಲಿ ಕರೆ ಸೇರಿತ್ತು. ಚೆಲ್ಲಕ್ಕನಿಯ ಕೈಯೆಲ್ಲ ಬೆಲ್ಲ. ಫೋನನ್ನು ಜೋರಾಗಿ ಕೇಳುವಂತೆ ಮಾಡಿ ನಾನೇ ಹಿಡಿದಿದ್ದೆ, ಮಾತು ಅವಳದು.

"ನಮ್ಮನೆಯವರು ಮರದಿಂದ ಬೇಗ ಇಳಿದ್ಬಿಟ್ರು ತಾಯೀ. ಗಾಡಿ ಕಳಿಸಿ."

ಆಗ ಬಂದದ್ದು ಆ ಸಮಾಧಾನದ ಮಾತು. ಆಮೇಲೆ ಪ್ರಶ್ನೆಗಳು. ಬಿಸಿಲಲ್ಲಿ ಕೆಲಸ ಮಾಡ್ತಿದ್ರಾ? ಹೌದು. ತಲೆ ಸುತ್ತು ಇದೆಯಾ? ಹೌದು. ಬೆವರುತ್ತಿದ್ದಾರಾ? ತುಂಬಾ, ತಾಯೀ, ತಣ್ಣಗೆ ಬೆವರ್ತಿದ್ದಾರೆ. ಬಾಯಾರಿಕೆ? ನೀರು ನೀರು ಅಂತಾರೆ. ಹೊಟ್ಟೆ ತೊಳೆಸುತ್ತಾ? ಹೌದು. ಎಲ್ಲದಕ್ಕೂ ಹೌದು. ಆ ವರ್ಷ ನಿಮ್ಮ ಇಲಾಖೆ ಬಿಸಿಲಿಗೆ ಎಷ್ಟು ಸಜ್ಜಾಗಿತ್ತೆಂದರೆ, ಬಿಸಿಲನ್ನು ಬಿಟ್ಟು ಬೇರೆ ಯಾವುದರಿಂದಲೂ ಯಾರೂ ಸಾಯುವ ಅವಕಾಶವೇ ಇರಲಿಲ್ಲ. ನೆರಳಿಗೆ ಎತ್ತಿಕೊಂಡು ಹೋಗಿ, ಉಪ್ಪು ಹಾಕಿ ನೀರು ಕುಡಿಸಿ, ಒದ್ದೆ ಬಟ್ಟೆ ಹೊದಿಸಿ ಎಂದು ಆಕೆ ಹೇಳಿದಳು. ನಾವು ವಿಧೇಯರು. ಬೆನ್ನೆಲುಬು ಏನಾಗಿದೆಯೋ ಎಂದು ಯೋಚಿಸದೆ ಎತ್ತಿದೆವು. ಹೊಟ್ಟೆಯೊಳಗೆ ಒಡೆದದ್ದೇನೆಂದು ತಿಳಿಯದೆ ಕುಡಿಸಿದೆವು. ಅವಸರವಿಲ್ಲದವರ ಸಾಲಿನಲ್ಲಿ ನಮ್ಮನ್ನು ಸೇರಿಸಲಾಗಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಪಾಕ ಸೀದು ಹೊಗೆ ತುಂಬಿದರೂ ಯಾರೂ ಒಲೆಯ ಕಡೆ ಹೋಗಲಿಲ್ಲ.

ಮತ್ತೆ ಕರೆ ಮಾಡಿದೆವು. "ಗಾಡಿ ಹೊರಟಿದೆ, ನೀರು ಕುಡಿಸ್ತಾ ಇರಿ" ಎಂದರು.

ಗಾಡಿ ಬಂದಾಗ ಅದರಲ್ಲಿ ಮಂಜುಗಡ್ಡೆಯ ಚೀಲಗಳಿದ್ದವು. ಜೊತೆಗೆ ಬಂದ ಯುವಕ ಕಾಲನ್ನು ನೋಡಿ ಬೆಚ್ಚಿದ. ಪಾಪ, ಅವನಿಗೆ ಯಾರೂ ಕಾಲಿನ ವಿಷಯ ಹೇಳಿರಲಿಲ್ಲ. "ಇದು ಹೇಗೆ ಮುರೀತು?" "ಇಳಿಯುವಾಗ" ಎಂದಳು ಚೆಲ್ಲಕ್ಕನಿ. ಕೊನೆಯ ಹೆಜ್ಜೆ ತಪ್ಪಿರಬೇಕು ಎಂದುಕೊಂಡು ಅವನು ಹಲಗೆ ಇಟ್ಟು ಅಚ್ಚುಕಟ್ಟಾಗಿ ಕಟ್ಟಿದ. ಮುರಿದ ಮೂಳೆ ದೊಡ್ಡ ಉಪಕಾರ ಮಾಡುತ್ತದೆ, ಮಾನ್ಯರೇ. ಎಲ್ಲರಿಗೂ ನೋಡಲು ಏನೋ ಒಂದು ಸಿಗುತ್ತದೆ. ಭಾವ ಎರಡು ಸಲ ಎಡ ಹೆಗಲು ನೋಯುತ್ತಿದೆ ಎಂದರು. ಆ ಹೆಗಲಿನಲ್ಲೇ ಮಡಕೆ ಹೊರುತ್ತಾರೆ ಎಂದು ನಾವೇ ವಿವರಣೆ ಕೊಟ್ಟೆವು. ಹೊಟ್ಟೆಯ ಎಡಕ್ಕಿರುವ ಗುಲ್ಮ ಒಡೆದರೆ ಅದರ ನೋವು ಎಡ ಹೆಗಲಿನಲ್ಲಿ ಕಾಣಿಸಿಕೊಳ್ಳಬಹುದೆಂದು ಆಮೇಲೆ ತಿಳಿಯಿತು. ದೇಹವೂ ಒಂದು ಹೆಸರು ಹೇಳಲು ಇನ್ನೊಂದು ಹೆಸರು ಹೇಳುತ್ತದೆ. ಅದಕ್ಕೂ ನಮ್ಮ ಊರಿನ ಅಭ್ಯಾಸವಿರಬೇಕು.

ಬಿಸಿಲು ಮತ್ತು ಕಾಲು, ಇಷ್ಟೇ ಆದರೆ ತಾಲ್ಲೂಕು ಆಸ್ಪತ್ರೆ ಸಾಕು. ಅಲ್ಲಿಗೇ ಒಯ್ದರು. ಹೊಟ್ಟೆ ತೆರೆಯಬಲ್ಲವರು ಅಲ್ಲಿಲ್ಲ. ಅವರಿರುವುದು ಜಿಲ್ಲಾ ಆಸ್ಪತ್ರೆಯಲ್ಲಿ, ಅದಕ್ಕೆ ಹೋಗುವ ರಸ್ತೆಯನ್ನು ನಾವು ನಡುವೆಯೇ ದಾಟಿ ಬಂದಿದ್ದೆವು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಅವರ ಬಗ್ಗೆ ನನಗೆ ದೂರಿಲ್ಲ, ಅಥವಾ ಇರುವ ದೂರು ಇಲ್ಲಿಗೆ ಸೇರಿದ್ದಲ್ಲ. ಎಕ್ಸ್‌ರೇ ತೆಗೆಸಿ, ಕಾಲು ಸರಿಹೋಗುತ್ತದೆ ಎಂದರು. ಚೆಲ್ಲಕ್ಕನಿ ಮೊದಲ ಸಲ ಕೂತಳು. ಹಾಸಿಗೆಯ ಮೇಲಿದ್ದ ಭಾವನ ಮುಖ ಮಾತ್ರ ಸುಣ್ಣದ ಮಡಕೆಯ ಬಣ್ಣಕ್ಕೆ ತಿರುಗುತ್ತಿತ್ತು. ಡಾಕ್ಟರು ಎರಡು ಹೆಜ್ಜೆ ಹೋದವರು ಹಿಂದಿರುಗಿ ನಾಡಿ ಹಿಡಿದರು. ಮತ್ತೆ ಹಿಡಿದರು.

"ಇವರು ಎಷ್ಟು ಎತ್ತರದಲ್ಲಿದ್ರು?"

ಚೆಲ್ಲಕ್ಕನಿ ಎದ್ದು ಭಾವನ ಹಣೆ ಒರೆಸಿದಳು.

"ಇಳಿದ್ರು ಅಂದ್ರಲ್ಲಮ್ಮ, ಎಲ್ಲಿಂದ ಇಳಿದ್ರು? ಹೇಗೆ ಇಳಿದ್ರು?"

"ಬೇಗ ಇಳಿದ್ರು" ಎಂದರು ಜ್ಞಾನಮುತ್ತು, ಫ್ಯಾನಿನ ಕಡೆ ನೋಡುತ್ತ.

"ಬೇಗ ಅಂದ್ರೆ? ಅಜ್ಜಾ, ತಮಾಷೆ ಮಾಡ್ಬೇಡಿ. ಕಾಲು ಜಾರಿತಾ? ಮೇಲಿಂದಾ, ಕೆಳಗಿಂದಾ?"

ಚೆಲ್ಲಕ್ಕನಿ ನನ್ನ ಮಣಿಕಟ್ಟು ಹಿಡಿದಳು. ಬೆಲ್ಲ ಒಣಗಿ ಅವಳ ಬೆರಳು ಒರಟಾಗಿದ್ದವು. "ಅಣ್ಣಾ, ಬೇಡ" ಎಂದಳು, ನನಗಷ್ಟೇ ಕೇಳುವಂತೆ. ಹೇಳಲು ನಾನು ಬಾಯಿ ತೆರೆದಿದ್ದೆನೋ ಇಲ್ಲವೋ, ಅದನ್ನು ಹಲವು ಸಲ ನೆನಪಿಸಿಕೊಳ್ಳಲು ಯತ್ನಿಸಿದ್ದೇನೆ. ಅಷ್ಟರಲ್ಲಿ ಹಾಸಿಗೆಯಿಂದಲೇ ಉತ್ತರ ಬಂತು. ಕಣ್ಣು ಮುಚ್ಚಿಕೊಂಡೇ, ಪಾಠ ಒಪ್ಪಿಸುವಂತೆ.

"ನಾನು ಬಿದ್ದೆ ಡಾಕ್ಟರೇ. ತುದಿಯಿಂದ."

ಡಾಕ್ಟರ ಕೈ ಕಾಲಿನಿಂದ ಹೊಟ್ಟೆಗೆ ಹೋಯಿತು. ಒತ್ತಿ ನೋಡಿದ ಕೈ ಅಲ್ಲೇ ನಿಂತಿತು. ಆಮೇಲೆ ಅಲ್ಲಿ ನಡೆದದ್ದೆಲ್ಲ ಬಹಳ ಬೇಗ ನಡೆಯಿತು. ಒಂದು ಮಾತಿಗೆ ಇಡೀ ಆಸ್ಪತ್ರೆ ಓಡುವುದನ್ನು ನೋಡಿದೆ. ಅದೇ ಮಾತು ಮರದ ಬುಡದಲ್ಲೇ ನಿಮ್ಮ ಕೇಂದ್ರಕ್ಕೆ ಸಿಕ್ಕಿದ್ದರೆ ಓಟ ಅಲ್ಲಿಂದಲೇ ಶುರುವಾಗುತ್ತಿತ್ತು.

ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ ಗಾಡಿಯೊಳಗೆ ಚೆಲ್ಲಕ್ಕನಿ ಅವರ ಕಿವಿಯ ಬಳಿ ಬಗ್ಗಿ ಕೇಳಿದಳು, "ಯಾಕೆ ಹೇಳಿದ್ರಿ?"

"ಆ ಹುಡುಗ ಕೇಳ್ತಾನೇ ಇದ್ದನಲ್ಲ" ಎಂದರು ಭಾವ.

ಉಪ್ಪಿನ ಗದ್ದೆಗಳು ಮುಗಿಯುವಲ್ಲಿ, ಊರು ಕಾಣುವ ಮೊದಲೇ, ಅವರು ಹೋದರು.

ಈಗ ನಿಮ್ಮ ವಾಕ್ಯಕ್ಕೆ ಬರುತ್ತೇನೆ. ನಿಖರ ಮಾಹಿತಿ ಒದಗಿಸಿರುವುದಿಲ್ಲ. ನಮ್ಮ ಊರಿನಲ್ಲಿ "ಬೇಗ ಇಳಿದುಬಿಟ್ಟರು" ಎಂಬುದಕ್ಕಿಂತ ನಿಖರವಾದ ಮಾಹಿತಿ ಇಲ್ಲ. ಅದನ್ನು ಕೇಳಿದರೆ ಎಳೆಮಗುವನ್ನು ಎತ್ತಿಕೊಂಡ ಹೆಂಗಸರೂ ಓಡಿ ಬರುತ್ತಾರೆ. ನೂರು ಮೈಲಿ ಆಚೆ, ತಣ್ಣನೆಯ ಕೋಣೆಯಲ್ಲಿ ಕೂತ ಹೆಣ್ಣುಮಗಳಿಗೆ ಅದು ತಿಳಿಯದಿದ್ದರೆ ಆಕೆಯ ತಪ್ಪೆಂದು ನಾನು ಹೇಳಲಾರೆ. ಆದರೆ ಈ ಕರಾವಳಿಯ ಕರೆಗಳಿಗೆಲ್ಲ ಉತ್ತರಿಸುವ ಕೇಂದ್ರ ನಡೆಸುತ್ತ, ಇಲ್ಲಿನವರು ಸಾಯುವಾಗ ಯಾವ ಭಾಷೆಯಲ್ಲಿ ಸಾಯುತ್ತಾರೆಂದು ಒಮ್ಮೆಯೂ ವಿಚಾರಿಸದಿರುವುದು ಯಾರ ತಪ್ಪು? ನಮ್ಮದು ಮೂಢನಂಬಿಕೆ ಎನ್ನುವಿರಿ. ಇರಲಿ. ನಿಮ್ಮ ಉತ್ತರವನ್ನೇ ಇನ್ನೊಮ್ಮೆ ಓದಿದೆ. ಅದರಲ್ಲಿ "ತಡ" ಎಂಬ ಪದ ಎಲ್ಲಿಯೂ ಇಲ್ಲ. "ಸ್ಪಂದನಾ ಅವಧಿಯಲ್ಲಿನ ವ್ಯತ್ಯಾಸ" ಇದೆ. "ಸತ್ತರು" ಎಂಬುದಿಲ್ಲ; "ಪ್ರಕರಣ ಮುಕ್ತಾಯಗೊಂಡಿರುತ್ತದೆ" ಎಂದಿದೆ. ಆಡಬಾರದ ಮಾತುಗಳು ನಿಮ್ಮ ಮನೆಯಲ್ಲೂ ಇವೆ ಎಂದಾಯಿತು. ನಿಮ್ಮದನ್ನು ಕೇಳಿಸಿಕೊಳ್ಳುವ ಮರ ಯಾವುದೋ ನನಗೆ ಗೊತ್ತಿಲ್ಲ.

ಪರಿಹಾರದ ಅರ್ಜಿ ಇದಲ್ಲ. ಮತ್ತೆ ಮಡಕೆಗಳಿಗೆ ಸುಣ್ಣ ಬಳಿಯುವ ಕಾಲ ಬಂದಿದೆ. ಜ್ಞಾನಮುತ್ತು ಈಗಾಗಲೇ ಎದೆಗೆ ಕಟ್ಟುವ ತೊಗಲನ್ನು ಎಣ್ಣೆ ಹಚ್ಚಿ ಬಿಸಿಲಿಗೆ ಹಾಕಿದ್ದಾರೆ. ಅದಕ್ಕೆ ಮೊದಲು ನಿಮ್ಮ ಕೇಂದ್ರದಲ್ಲಿ ಕೂರುವ ಪ್ರತಿಯೊಬ್ಬರಿಗೂ "ಬೇಗ ಇಳಿದರಾ?" ಎಂದು ಕೇಳಲು ಕಲಿಸಿ. ಹೌದು ಎಂಬ ಉತ್ತರ ಬಂದರೆ ಯಾರೂ ಅವರನ್ನು ಅಲುಗಿಸದಿರಲಿ, ಬಾಯಿಗೆ ನೀರು ಬಿಡದಿರಲಿ. ಗಾಡಿ ಹೊಟ್ಟೆ ತೆರೆಯಬಲ್ಲವರಿರುವ ಕಡೆಗೆ ನೇರ ಹೋಗಲಿ, ಮೂಳೆ ಎಷ್ಟೇ ಚೆನ್ನಾಗಿ ಮುರಿದಿದ್ದರೂ. ಮತ್ತು ಆ ವಾಕ್ಯವನ್ನು ಹಿಂತೆಗೆದುಕೊಳ್ಳಿ. ಪತ್ರದಲ್ಲಿ ಬೇಡ, ಒಬ್ಬರು ಬನ್ನಿ. ನನ್ನ ತಂಗಿ ಒಲೆಯ ಮುಂದೆ ಕೂತು ದಿನಾ ನನ್ನನ್ನು ಒಂದೇ ಮಾತು ಕೇಳುತ್ತಾಳೆ: "ಅವರ ಬಾಯಿಂದ ಅದನ್ನ ಹೇಳಿಸಿದ್ದು ಯಾರು ಅಣ್ಣಾ?" ಆ ಮಾತಿನಿಂದಲೇ ಗಂಡ ಹೋದರೆಂದು ಅವಳು ನಂಬಿದ್ದಾಳೆ. ಮಾತಿನಿಂದಲ್ಲ, ತಡದಿಂದ ಎಂದು ನಾನು ಹೇಳಿದರೆ ಅಣ್ಣನ ಸಮಾಧಾನ ಎಂದುಕೊಳ್ಳುತ್ತಾಳೆ. ತಡಮಾಡಿದವರು ಬಂದು, "ತಡ" ಎಂಬ ಆ ಪದವನ್ನು ಬಾಯಿಬಿಟ್ಟು ಹೇಳಿದರೆ ನಂಬಿಯಾಳು.

ಇನ್ನು ಒಂದು ಮಾತು ನಿಮಗಲ್ಲ, ಅಂದು ಫೋನಿನಲ್ಲಿದ್ದ ಆ ಹೆಣ್ಣುಮಗಳಿಗೆ. ಆಕೆಯ ಹೆಸರು ನನಗೆ ಗೊತ್ತಿಲ್ಲ, ತಿಳಿಸುವುದೂ ಬೇಡ. ತಾಯೀ, ನಿಮ್ಮ ಮನೆಯಲ್ಲಿ ಯಾವ ಮಾತನ್ನು ಆಡುವುದಿಲ್ಲ? ಅದನ್ನೇ ಹೇಳಬೇಕಾದ ದಿನ ಬಂದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ?

ಇಂತಿ,
ನಿಖರ ಮಾಹಿತಿ ಒದಗಿಸದವಳ ಅಣ್ಣ,
ಫೋನ್ ಹಿಡಿದು ನಿಂತಿದ್ದವನು